ನರಸೀಪುರದ ಲೈನು

ಕಂಪ್ಯೂಟರಿನ ಮುಂದೆ ಕೂತು ಕಂಪ್ಯೂಟರನ್ನೇ ಬೈಯುವುದು ನನಗೆ ಮೊದಲಿನಿಂದಲೂ ಅಭ್ಯಾಸ. ಅದು ತಿರುಗಿ ಮಾತಾಡುವುದಿಲ್ಲ, ಮನೆಯವರ ಹಾಗೆ ಮುಖ ಊದಿಸಿಕೊಂಡು ಊಟ ಬಿಡುವುದಿಲ್ಲ. ಆದರೆ ನರಸೀಪುರದ ಲೈನು ಕೈಕೊಟ್ಟ ಆ ತಿಂಗಳು ಬೈದು ಬೈದು ನನ್ನ ಬಾಯಲ್ಲಿದ್ದ ಬೈಗುಳವೆಲ್ಲ ಖಾಲಿಯಾಗಿ, ಕೊನೆಗೆ ನನ್ನನ್ನು ನಾನೇ ಬೈದುಕೊಳ್ಳುವಂತಾಯಿತು.

ನನ್ನ ಮನೆ ಇರುವುದು ನರಸೀಪುರದಲ್ಲಿ, ಕೆಲಸ ನಂಜನಗೂಡಿನಲ್ಲಿ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಓದಿದ್ದು ಡಿಪ್ಲೊಮಾ, ಕೆಲಸ ಒಂದು ಸಣ್ಣ ಕೇಬಲ್ ಆಫೀಸಿನಲ್ಲಿ. ಮೊದಲು ಅಲ್ಲಿ ಬರೀ ಟೀವಿ ಕೇಬಲ್ ಇತ್ತು, ಆಮೇಲೆ ಇಂಟರ್ನೆಟ್ಟೂ ಸೇರಿಕೊಂಡಿತು. ಮಾಲೀಕರ ಮನೆಯ ಮುಂದಿನ ಕೋಣೆಯೇ ಆಫೀಸು. ಮನೆಗೂ ಆಫೀಸಿಗೂ ನಡುವೆ ಒಂದು ಬಾಗಿಲು, ಬಾಗಿಲಿಗೊಂದು ಪರದೆ. ಒಳಗೆ ಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಹೊರಗೆ ಕಂಪ್ಲೇಂಟ್ ಕೊಡಲು ಬಂದವರು ಸೀನುತ್ತಿದ್ದರು. ಎಷ್ಟೋ ಜನ ಸೀನುವ ಭರದಲ್ಲಿ ಕಂಪ್ಲೇಂಟನ್ನೇ ಮರೆತು ಹೋದದ್ದುಂಟು.

ಆ ಮಾಲೀಕರು ತಾವೇ ಕಂಬ ಹತ್ತಿ, ತಾವೇ ಕೇಬಲ್ ಎಳೆದು ಎಲ್ಲವನ್ನೂ ಕಟ್ಟಿದವರು. ಒಂದು ಬೆಳಿಗ್ಗೆ ಎದೆನೋವು ಎಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಹದಿನೈದು ದಿನ ಕಳೆದ ಮೇಲೆ ಅವರ ಹೆಂಡತಿ, ಅಂದರೆ ನಾನು ಅಕ್ಕ ಎಂದು ಕರೆಯುವವರು, ಪರದೆ ಸರಿಸಿ ಬಂದು ಅದೇ ಕುರ್ಚಿಯಲ್ಲಿ ಕೂತರು.

"ಇಲ್ಲಿ ಯಾವ್ದು ಏನು ಅಂತ ಒಂದೊಂದೇ ಏಳ್ಕೊಡವ್ವ" ಎಂದರು.

ನನಗೆ ಒಳಗೊಳಗೇ ನಗು ಬಂದಿತ್ತು, ಒಪ್ಪಿಕೊಳ್ಳುತ್ತೇನೆ. ಅಲ್ಲಿಯವರೆಗೆ ಅವರು ಆಫೀಸಿಗೆ ಕಾಲಿಟ್ಟದ್ದು ಕಾಫಿ ಲೋಟ ಇಡುವುದಕ್ಕೆ ಮಾತ್ರ. ಮೂರು ವಾರದಲ್ಲಿ ಅವರು ಯಾವ ದೀಪ ಮಿಣುಕಿದರೆ ಯಾವ ಬೀದಿಯವರ ಫೋನ್ ಬರುತ್ತದೆ ಎಂದು ನನಗಿಂತ ಮೊದಲು ಹೇಳತೊಡಗಿದಾಗ ಆ ನಗು ತಾನಾಗಿ ಇಳಿಯಿತು.

ಈ ಸಂಸಾರದಲ್ಲಿ ಇನ್ನೊಬ್ಬರಿದ್ದರು: ಅಕ್ಕನ ಮೈದುನ, ತೀರಿಕೊಂಡವರ ಒಡಹುಟ್ಟಿದ ತಮ್ಮ. ಪಾಲಾಗಿ ಬೇರೆ ಹೋಗಿ ಬಹಳ ವರ್ಷವಾಗಿತ್ತು. ನರಸೀಪುರದ ಬಸ್ ಸ್ಟ್ಯಾಂಡಿನ ಪಕ್ಕ ಅವರದೊಂದು ಅಂಗಡಿ. ಆ ಊರಿನ ಕಂಬ, ಕೇಬಲ್, ಗಿರಾಕಿ ಎಲ್ಲ ಅವರ ಕೈಲಿತ್ತು. ಆದರೆ ಇಂಟರ್ನೆಟ್ ಬರುತ್ತಿದ್ದುದು ನಂಜನಗೂಡಿನಿಂದ, ನಮ್ಮ ಆಫೀಸಿನ ಮೂಲೆಯಲ್ಲಿ ಗೊರಗೊರ ಅನ್ನುತ್ತಿದ್ದ ಒಂದು ಹಳೇ ಡಬ್ಬದಿಂದ. ಆ ಡಬ್ಬವೋ, ಬಿಸಿಲೇರಿದರೆ ತಾನೂ ಮಲಗುವ ಜಾತಿಯದು.

ಮಾಲೀಕರು ತೀರಿಕೊಂಡು ವರ್ಷ ತುಂಬಲು ಒಂದು ತಿಂಗಳಿದೆ ಅನ್ನುವಾಗ ಮೈದುನ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದು ಜಗಲಿಯ ಮೇಲೆ ಕೂತರು.

"ಅತ್ತಿಗೆಮ್ಮ, ಅಳೇ ಡಬ್ಬ ಇವತ್ತೋ ನಾಳೆನೋ ಅನ್ನಂಗದೆ. ಅಣ್ಣನ್ ತಲೇಲಿದ್ದುದ್ದು ಅಣ್ಣನ್ ಜೊತೇಲೇ ಓಯ್ತು. ನಿಮ್ಗ್ಯಾಕೆ ಈ ತಾಪತ್ರಯ? ಎಲ್ಲಾನೂ ನರಸೀಪುರಕ್ಕೆ ತಕ್ಕೊಂಡೋಯ್ತೀನಿ. ನೀವು ಮನೇಲಿ ಆರಾಮಾಗಿರಿ."

"ಆರಾಮಾಗಿ ಕೂತ್ಕಂಡು ಏನ್ ಮಾಡ್ಲಪ್ಪ?" ಎಂದು ಅಕ್ಕ ಕೇಳಿದರು. ಆಮೇಲೆ ಅವರೇ ಷರತ್ತು ಹಾಕಿದರು. "ಒಸ ಸರ್ವರ್ ತರ್ಸಿದ್ದೀನಿ. ಒಂಬತ್ತು ಲೈನೂ ಅದ್ರಲ್ಲಿ ನಿಂತ್ರೆ ನಾನೇ ನಡೆಸ್ಕೊಂಡ್ ಓಯ್ತೀನಿ. ಒಂದ್ ತಪ್ಪುದ್ರೂ ಬೀಗದ್ ಕೈ ನಿನ್ ಕೈಗೆ. ಅವರ ವರ್ಷದ್ ದಿವ್ಸ, ಉಂಡ್ ಜನ ಎದ್ದೋಗದ್ರೊಳ್ಗೆ."

ಹಿರಿಯರು ತಲೆಯಾಡಿಸಿದರು. ಎಲ್ಲರೂ ಒಂದು ಸುತ್ತು ನನ್ನ ಕಡೆ ನೋಡಿದರು. ಹೊಸ ಸರ್ವರ್ ಬಂದದ್ದೇನೋ ನಿಜ, ಅದರ ಅಟ್ಟೆಪೆಟ್ಟಿಗೆಯನ್ನೇ ನಾನಿನ್ನೂ ಬಿಚ್ಚಿರಲಿಲ್ಲ.

ನನ್ನ ಕೆಲಸ ಏನಾಗಿತ್ತು ಎಂದು ಇಲ್ಲಿ ಹೇಳಿಬಿಡಬೇಕು. ಹೊಸ ಸರ್ವರು ಒಂದೇ ಯಂತ್ರ. ಆದರೆ ಅದರೊಳಗಿನ ಸಾಫ್ಟ್‌ವೇರು ಬೇಕಾದಷ್ಟು ಕಂಪ್ಯೂಟರುಗಳನ್ನು ಕಲ್ಪಿಸಿಕೊಡುತ್ತದೆ. ಒಂದು ಗಿರಾಕಿಗಳಿಗೆ ವಿಳಾಸ ಹಂಚುತ್ತದೆ, ಇನ್ನೊಂದು ಪಾಸ್‌ವರ್ಡ್ ನೋಡಿ ಒಳಗೆ ಬಿಡುತ್ತದೆ, ಮತ್ತೊಂದು ಯಾರ ಲೈನು ಸತ್ತಿದೆ ಎಂದು ಕಾಯುತ್ತದೆ. ಯಾವುದಕ್ಕೂ ಮೈಯಿಲ್ಲ, ಎಲ್ಲವೂ ಲೆಕ್ಕಾಚಾರದಲ್ಲಿ ಮಾತ್ರ ಇರುವಂಥವು. ಆದರೆ ಕಂಬದ ಮೇಲಿನ ಕೇಬಲ್ಲಿಗೆ ಮೈಯಿದೆ, ಅದರ ಮೇಲೆ ಕೋತಿ ಜೋತಾಡುತ್ತದೆ. ಈ ಮೈಯಿಲ್ಲದ ಯಂತ್ರಗಳು ಆ ನಿಜವಾದ ಕೇಬಲ್ಲಿನ ಜೊತೆ ಮಾತಾಡಬೇಕಾದರೆ, ಹೊರಗಿನ ಲೈನುಗಳ ಪಡಿಯಚ್ಚನ್ನು ಸಾಫ್ಟ್‌ವೇರಿನೊಳಗೆ ಬರೆದುಕೊಡಬೇಕು. ಹೊರಗೆ ಇಂಥದೊಂದು ಲೈನಿದೆ, ಅದು ಈ ಕಿಂಡಿಯಿಂದ ಒಳಗೆ ಬರುತ್ತದೆ, ಅದರ ನಂಬರು ಇಷ್ಟು ಎಂದು ಒಂದೊಂದಾಗಿ ಹೇಳಬೇಕು.

ನಂಬರು ಯಾಕೆಂದರೆ ಒಂಬತ್ತು ಲೈನೂ ಒಟ್ಟಾಗಿ ಒಂದೇ ದಪ್ಪ ಕೇಬಲ್ಲಿನಲ್ಲಿ ಸರ್ವರಿಗೆ ಬರುತ್ತವೆ. ಯಾವುದು ಯಾರದು ಎಂದು ತಿಳಿಯಲು ಪ್ರತಿಯೊಂದು ಲೈನಿನಲ್ಲಿ ಹರಿಯುವುದಕ್ಕೂ ಕಣ್ಣಿಗೆ ಕಾಣದ ಒಂದು ನಂಬರಿನ ಚೀಟಿ ಅಂಟಿರುತ್ತದೆ. ಒಳಗೆ ಬರೆದ ನಂಬರೂ ಹೊರಗಿನ ನಂಬರೂ ಒಂದೇ ಆದರೆ ಒಳಗಿನ ಯಂತ್ರವೂ ಊರಿನ ಮನೆಯೂ ಅಕ್ಕಪಕ್ಕದವರಂತೆ ಹರಟುತ್ತವೆ. ತಪ್ಪಾದರೆ ಜಗಳವೂ ಇಲ್ಲ, ಗೊಣಗಾಟವೂ ಇಲ್ಲ. ಬರೀ ಮೌನ. ಜಗಳವಾದರೂ ಆಡಬಾರದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿತು.

ಹಳೇ ಡಬ್ಬದ ಪಾಸ್‌ವರ್ಡು ತೀರಿಕೊಂಡ ಯಜಮಾನರಿಗೆ ಮಾತ್ರ ಗೊತ್ತಿತ್ತು. ಹಾಗಾಗಿ ನಮಗೆ ಉಳಿದದ್ದು ಅವರ ಕೈಬರಹದ ಒಂದು ನೋಟ್ ಬುಕ್ಕು. ಅದರಲ್ಲಿ ಪೇಟೆಯ ನಾಲ್ಕು ಬೀದಿ, ಹೊರಗಿನ ನಾಲ್ಕು ಊರು, ಹೀಗೆ ಎಂಟು ಲೈನುಗಳ ನಂಬರು ಸಾಲಾಗಿ ಇತ್ತು. ಬದನವಾಳಿಗೆ ಐವತ್ತು, ಹೆಮ್ಮರಗಾಲಕ್ಕೆ ಅರವತ್ತು. ಒಂಬತ್ತನೆಯದು ನರಸೀಪುರ. ಅದರ ಹೆಸರೇ ಇರಲಿಲ್ಲ.

ಎಂಟು ಲೈನು ಎರಡು ವಾರದಲ್ಲಿ ಎದ್ದು ನಿಂತವು. ಹಳೇ ಡಬ್ಬದಿಂದ ದಪ್ಪ ಕೇಬಲ್ ಕಿತ್ತು ಹೊಸದಕ್ಕೆ ಸಿಕ್ಕಿಸಿ, ಅರ್ಧ ಗಂಟೆ ಪರೀಕ್ಷೆ ಮಾಡಿ, ಮತ್ತೆ ಹಿಂದಕ್ಕೆ ಸಿಕ್ಕಿಸುತ್ತಿದ್ದೆವು. ಮೊದಲ ಸಲ ಬದನವಾಳು ಎದ್ದಾಗ ಅಕ್ಕ ಅಲ್ಲಿಯ ಗಿರಾಕಿಯೊಬ್ಬರಿಗೆ ಫೋನ್ ಮಾಡಿ, "ಬತ್ತಾ ಅದಾ? ನೋಡ್ ಏಳಿ" ಎಂದು ಕೇಳಿದರು. ಬರುತ್ತಿದೆ ಎಂದು ಅವರು ಹೇಳಿದ ಮೇಲೂ ನಂಬಿಕೆಯಾಗದೆ ಪಕ್ಕದ ಮನೆಯವರಿಗೂ ಫೋನ್ ಹಚ್ಚಿದರು. ಆವತ್ತು ನಮಗೆ ಮಧ್ಯಾಹ್ನದ ಊಟದ ಜೊತೆ ಪಾಯಸ ಇತ್ತು.

ನರಸೀಪುರ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಸಾಲಿನಲ್ಲಿ ಎಂಬತ್ತು ಮುಗಿದಿದೆ, ಮುಂದಿನದು ತೊಂಬತ್ತು ಎಂದು ಹಾಕಿದೆ. ಆಗಲಿಲ್ಲ. ಒಂದು ಹಾಕಿದೆ, ನೂರು ಹಾಕಿದೆ. ಯಜಮಾನರ ಬೈಕಿನ ನಂಬರು ಹಾಕಿದೆ. ಮದುವೆಯ ತಾರೀಖು ಕೇಳಿದಾಗ ಅಕ್ಕ ನಾಚಿಕೊಂಡೇ ಹೇಳಿದರು, ಅದನ್ನೂ ಹಾಕಿದೆ. ಇಂಥ ನಂಬರುಗಳು ಒಟ್ಟು ನಾಲ್ಕು ಸಾವಿರ ಚಿಲ್ಲರೆ. ಒಂದೊಂದನ್ನೇ ಹಾಕಿ ನೋಡುವ ಹಟವೂ ನನಗೆ ಬಂತು. ಕೊನೆಗೆ ಕೇಬಲ್ಲಿನಲ್ಲಿ ಹರಿಯುವುದನ್ನೆಲ್ಲ ತೆರೆಯ ಮೇಲೆ ಹಿಡಿದು ನೋಡುವ ಸಲಕರಣೆ ಹಚ್ಚಿ, ಅದಕ್ಕೆ ಜರಡಿ ಇಟ್ಟೆ: ನಂಬರಿನ ಚೀಟಿ ಇದ್ದದ್ದನ್ನೆಲ್ಲ ತೋರಿಸು. ತೋರಿಸಿತು. ಅವೇ ಎಂಟು. ಚೀಟಿಯಿಲ್ಲದೆಯೂ ಏನೇನೋ ಓಡಾಡುತ್ತಿತ್ತು, ಅದು ನಮ್ಮ ಆಫೀಸಿನದೇ ಗದ್ದಲವೆಂದು ನಾನು ಕಣ್ಣೆತ್ತಿಯೂ ನೋಡಲಿಲ್ಲ. ಆಫೀಸಿನ ಕಂಪ್ಯೂಟರೂ ಪ್ರಿಂಟರೂ ಹಾಗೇ ಓಡುತ್ತಿದ್ದವು, ನಮ್ಮ ಮನೆಯೊಳಗೆ ನಮಗೆ ಚೀಟಿ ಯಾಕೆ ಎಂಬಂತೆ.

ಸಂಜೆ ಬಸ್ಸಿಳಿದರೆ ಮೈದುನನ ಅಂಗಡಿ ದಾಟಿಯೇ ನಾನು ಮನೆಗೆ ಹೋಗಬೇಕು. ಅವರು ಕೌಂಟರಿನಿಂದಲೇ ಕೂಗುತ್ತಿದ್ದರು.

"ಏನ್ ಮೇಡಮ್ಮೋರೇ, ಸಿಕ್ತಾ ನಮ್ಮೂರು?"

"ಸಿಗುತ್ತೆ ಬಿಡಣ್ಣ. ಎಲ್ಲಿಗೆ ಓಡಿ ಹೋಗುತ್ತೆ?"

ಒಂದು ಸಂಜೆ ಕರೆದು ಕೂರಿಸಿ ಟೀ ತರಿಸಿದರು. "ನಿಮ್ಗೂ ಒಳ್ಳೇದೇ ಅಲ್ವ್ರಾ? ಆಪೀಸ್ ಇಲ್ಲಿಗ್ ಬಂದ್ರೆ ಬಸ್ ಅತ್ತಂಗಿಲ್ಲ, ಇಳಿಯಂಗಿಲ್ಲ. ನಡ್ಕೊಂಡೇ ಬರಬೌದು" ಎಂದರು. ಮಾತು ನಿಜ. ಸುಳ್ಳು ಯಾಕೆ ಹೇಳಲಿ, ಮನಸ್ಸು ಒಂದು ಗಳಿಗೆ ಅತ್ತ ವಾಲಿತು. ಬೆಳಿಗ್ಗೆ ನಿಧಾನವಾಗಿ ಎದ್ದು, ಬಿಸಿ ತಿಂಡಿ ತಿಂದು, ಚಪ್ಪಲಿ ಮೆಟ್ಟಿ ಎರಡು ರಸ್ತೆ ದಾಟಿದರೆ ಆಫೀಸು.

ಅಷ್ಟರಲ್ಲಿ ಅವರು ಬೇರೆಯದೇ ದನಿಯಲ್ಲಿ ಹೇಳಿದರು: "ಆ ಬುಕ್ ನೋಡಿದ್ದೀರಲ್ಲ ನೀವು. ಎಂಟ್ ಲೈನ್ಗೂ ನಂಬರ್ ಬರ್ದವ್ನೆ ನಮ್ಮಣ್ಣ. ಒಡುಟ್ಟಿದ ತಮ್ಮನ್ಗೆ ಒಂದ್ ಗೆರೆ ಬರ್ಯಕೆ ಅವನ್ ಪೆನ್ನಲ್ಲಿ ಇಂಕಿರ್ಲಿಲ್ಲ. ಪಾಲಾದ್ ಮ್ಯಾಲೆ ನಾನ್ ಅವನ್ ಲೆಕ್ಕದಲ್ಲೇ ಇರ್ಲಿಲ್ಲ ಕಣ್ರೀ."

ನಾನು ಟೀ ಲೋಟ ಕೆಳಗಿಟ್ಟೆ. ಈ ಮನುಷ್ಯ ಆಫೀಸು ಕಿತ್ತುಕೊಳ್ಳಲು ಹೊರಟಿರುವುದು ದುರಾಸೆಯಿಂದ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಆವತ್ತು ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ಅಕ್ಕನಿಗೆ ದ್ರೋಹ ಮಾಡಿದಂತೆಯೂ ಆಯಿತು. ಎದ್ದು ಬಂದುಬಿಟ್ಟೆ.

ವರ್ಷದ ದಿನ ಬಂದೇ ಬಂತು. ಬೆಳಿಗ್ಗೆಯೇ ಹಳೇ ಡಬ್ಬದಿಂದ ದಪ್ಪ ಕೇಬಲ್ ಕಿತ್ತು ಹೊಸ ಸರ್ವರಿಗೆ ಸಿಕ್ಕಿಸಿದೆವು. ಎಂಟು ಲೈನು ಎದ್ದವು, ನರಸೀಪುರ ಏಳಲಿಲ್ಲ. ಆ ಊರಿನವರೆಲ್ಲ ಮೈದುನನಿಗೆ ಫೋನ್ ಮಾಡತೊಡಗಿದರು. ಅವರು ಜಗಲಿಯ ಮೇಲೆ ಕೂತು, "ಆಯ್ತು ಕಣ್ರಪ್ಪ, ಸಾಯಂಕಾಲದ್ ಒಳಗೆ ಎಲ್ಲ ಸರಿ ಓಯ್ತದೆ" ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ತಮ್ಮ ಅಂಗಡಿಯ ಕ್ಯಾಮೆರಾವನ್ನು ಫೋನಿನಲ್ಲಿ ನೋಡುವ ಅಭ್ಯಾಸ ಅವರಿಗೆ. ಅದೂ ಅದೇ ಲೈನಿನದು. ಗಳಿಗೆಗೊಮ್ಮೆ ಫೋನ್ ತೆಗೆಯುವರು, ಬೂದುಬಣ್ಣದ ತೆರೆ ನೋಡಿ ಜೇಬಿಗೆ ಇಳಿಸುವರು.

ಜಂಗಮರ ಪೂಜೆಯಾಯಿತು, ಪ್ರಸಾದವಾಯಿತು. ಮೂರು ಪಂಕ್ತಿ ಊಟ ಎದ್ದಿತು. ನಾನು ಆಫೀಸಿಗೂ ಅಡುಗೆಮನೆಗೂ ನಡುವೆ ಪರದೆ ಸರಿಸಿ ಸರಿಸಿ ಓಡಾಡಿದೆ. ಬಡಿಸುವಾಗ ಒಬ್ಬ ಹಿರಿಯರ ಎಲೆಗೆ ಪಾಯಸದ ಬದಲು ಹುಳಿ ಹಾಕಿ ಬೈಸಿಕೊಂಡೆ. ತಲೆಯಲ್ಲಿ ಬರೀ ನಂಬರು.

ಊಟ ಮುಗಿದ ಮೇಲೆ ಹಿರಿಯರು ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಜಗಲಿಯಲ್ಲಿ ಕೂತರು. ಇನ್ನು ಬೀಗದ ಕೈ ಕೊಡುವುದೊಂದೇ ಬಾಕಿ. ಅಕ್ಕ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಲ್ಲಿ ಪಾತ್ರೆ ತೊಳೆದು ವಿಂಗಡಿಸಲು ಕೂತುಬಿಟ್ಟರು. ನನಗೆ ಸಿಟ್ಟೇ ಬಂತು. ಸೋಲುವುದಿದ್ದರೆ ಪಾತ್ರೆ ತೊಳೆಯುತ್ತಾ ಸೋಲಬೇಕೇ? ಆದರೂ ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

ಅಷ್ಟು ಜನಕ್ಕೆ ಅಡುಗೆಯೆಂದರೆ ಪಾತ್ರೆಗಳು ಹತ್ತು ಮನೆಯಿಂದ ಬಂದಿರುತ್ತವೆ. ಒಂದರ ಕಂಠದಲ್ಲಿ ಹೆಸರು ಕೆತ್ತಿಸಿದೆ, ಇನ್ನೊಂದರ ತಳಕ್ಕೆ ಕೆಂಪು ಬಣ್ಣದ ಚುಕ್ಕೆ, ಮತ್ತೊಂದರ ಹಿಡಿಗೆ ದಾರ. ಅಕ್ಕ ಗುರುತು ನೋಡಿ ನೋಡಿ ಮನೆವಾರು ಗುಡ್ಡೆ ಮಾಡುತ್ತಿದ್ದರು. ನಾನೊಂದು ದೊಡ್ಡ ಕೊಳದಪ್ಪಲೆ ತಿರುಗಿಸಿ ಮುರುಗಿಸಿ ನೋಡಿದೆ. ಹೆಸರಿಲ್ಲ, ಚುಕ್ಕೆಯಿಲ್ಲ, ಏನೂ ಇಲ್ಲ.

"ಇದು ನಿಮ್ಮನೇದಾ ಅಕ್ಕ? ಗುರುತೇ ಇಲ್ಲ."

"ಅದು ನರಸೀಪುರದ್ದು ಕಣವ್ವ, ಮೈದುನನ್ ಮನೇದು. ಅವ್ರ್ ಮನೆ ಪಾತ್ರೆಗೂ ನಮ್ ಮನೆ ಪಾತ್ರೆಗೂ ಗುರ್ತ್ ಆಕಕಿಲ್ಲ. ಪಾಲಾದ್ ದಿವ್ಸ ನಮ್ಮತ್ತೆ, ಗುರ್ತ್ ಆಕ್ಸ್ಕೊಳ್ರೋ, ಆಮ್ಯಾಲೆ ಕಿತ್ತಾಡ್ಬೇಡಿ ಅಂದ್ರು. ನಮ್ ಯಜಮಾನ್ರು ಒಪ್ನಿಲ್ಲ. ಊರೋರ್ ಪಾತ್ರೆಗೆ ಗುರ್ತ್ ಬೇಕು, ಮನೇದುಕ್ಕೆ ಯಾತಕ್ಕೆ ಅಂತ ಅಷ್ಟೂ ಪಾತ್ರೆನ ಅಂಗೇ ಅಂಚ್ಕೊಟ್ರು."

ಹೇಳುತ್ತಾ ಹೇಳುತ್ತಾ ಅಕ್ಕನ ಕೈ ನಿಂತಿತು. ನನ್ನ ಕೈಲಿದ್ದ ಕೊಳದಪ್ಪಲೆಯನ್ನೇ ನೋಡಿದರು.

"ಲೈನ್ಗೆ ನಂಬರ್ ಆಕ್ದೇನೂ ಬುಡಬೌದೇನವ್ವ?"

ಬಿಡಬಹುದು. ಧಾರಾಳವಾಗಿ ಬಿಡಬಹುದು. ನಂಬರಿಲ್ಲದ ಲೈನಿಗೆ ಸಾಫ್ಟ್‌ವೇರಿನಲ್ಲಿ ಬೇರೆಯದೇ ಒಂದು ಬಗೆ ಇದೆ. ಕೈಪಿಡಿಯ ಮೊದಲ ಪುಟದಲ್ಲೇ ಅದನ್ನು ಬರೆದಿರುತ್ತಾರೆ. ಇದೆಲ್ಲ ನನಗೆ ಗೊತ್ತಿರುವುದೇ ಎಂದು ನಾನು ಆ ಪುಟ ಹಾರಿಸಿದ್ದೆ. ಚೀಟಿ ಇರುವುದನ್ನೆಲ್ಲ ಜರಡಿ ಹಿಡಿದು ನೋಡಿದವಳು, ಇಲ್ಲದ್ದನ್ನು ಆಫೀಸಿನ ಗದ್ದಲವೆಂದು ತಳ್ಳಿದ್ದೆ. ಆ ಗದ್ದಲದಲ್ಲೇ ನರಸೀಪುರ ಇಡೀ ತಿಂಗಳು ನನ್ನ ಕಣ್ಣೆದುರಿಗೇ ಓಡಾಡಿಕೊಂಡಿತ್ತು. ಡಿಪ್ಲೊಮಾ ಓದಿದವಳಿಗೆ ಹೊಳೆಯದ್ದು ಹಿತ್ತಲಲ್ಲಿ ಪಾತ್ರೆ ಜೋಡಿಸುತ್ತಿದ್ದ ಹೆಂಗಸಿಗೆ ಹೊಳೆಯಿತು. ಅವರಿಗೆ ತಂತಿ ಗೊತ್ತಿತ್ತೋ ಇಲ್ಲವೋ, ತಂತಿ ಎಳೆದ ಮನುಷ್ಯ ಗೊತ್ತಿದ್ದ.

ಇಬ್ಬರೂ ಒದ್ದೆ ಕೈಯಲ್ಲೇ ಆಫೀಸಿಗೆ ಓಡಿದೆವು. ನಾನು ಒಂಬತ್ತನೇ ಲೈನನ್ನು ಅಳಿಸಿ ಹೊಸದಾಗಿ ಬರೆದೆ. ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಅದೇ ದಪ್ಪ ಕೇಬಲ್ಲು. ನಂಬರಿನ ಜಾಗದಲ್ಲಿ ಏನೂ ಇಲ್ಲ. ಒಳಗಿನ ಯಂತ್ರಗಳನ್ನು ಅದಕ್ಕೆ ಸೇರಿಸಿದೆ. ಕೊನೆಯ ಗುಂಡಿ ನೀವೇ ಒತ್ತಿ ಎಂದು ಅಕ್ಕನಿಗೆ ಕುರ್ಚಿ ಬಿಟ್ಟುಕೊಟ್ಟೆ. ಅವರು ಸೆರಗಿಗೆ ಬೆರಳು ಒರೆಸಿಕೊಂಡು ಒತ್ತಿದರು.

ನಾವು ಉಸಿರು ಬಿಡುವುದರೊಳಗೆ ಜಗಲಿಯಿಂದ ಕೂಗು ಬಂತು.

"ಅತ್ತಿಗೆಮ್ಮಾ! ಅಂಗ್ಡಿ ಬಂತು! ನಮ್ ಅಂಗ್ಡಿ ಕಾಣ್ತಾ ಅದೆ!"

ಮೈದುನ ಫೋನ್ ಎತ್ತಿ ಹಿಡಿದು ಒಳಗೇ ಬಂದರು. ಫೋನಿನಲ್ಲಿ ಬಾಗಿಲು ಹಾಕಿದ ಅವರ ಅಂಗಡಿ, ಮೆಟ್ಟಿಲ ಮೇಲೆ ಮಲಗಿದ ಒಂದು ನಾಯಿ. ಸೋತ ಬೇಜಾರಿಗಿಂತ ಅಂಗಡಿ ಕಂಡ ಖುಷಿಯೇ ಮುಖದಲ್ಲಿ ಹೆಚ್ಚಾಗಿತ್ತು. ಆಮೇಲೆ ತಾವು ಸೋತದ್ದು ನೆನಪಾಗಿ ಫೋನ್ ಕೆಳಗಿಳಿಸಿದರು.

"ಎಷ್ಟ್ ನಂಬರ್ ಇತ್ತು?" ಎಂದು ನನ್ನನ್ನು ಕೇಳಿದರು.

"ನಂಬರ್ ಇರಲಿಲ್ಲ ಅಣ್ಣ."

"ಇರ್ನಿಲ್ಲ ಅಂದ್ರೆ? ಮರ್ತಿದ್ನಾ?"

ಉತ್ತರ ಕೊಟ್ಟವರು ಅಕ್ಕ. "ಮರ್ತಿರ್ನಿಲ್ಲ ಕಣಪ್ಪ. ಊರೋರ್ ಲೈನ್ಗೆಲ್ಲ ನಂಬರ್ ಆಕವ್ರೆ. ಈ ಆಪೀಸ್ಗೂ ನಿನ್ ಮನೆಗೂ ಆಕಿಲ್ಲ. ಎರ್ಡೂ ಒಂದೇ ಲೈನಲ್ಲಿ ಮಡಗವ್ರೆ. ನಿಮ್ಮಣ್ಣನ್ ಲೆಕ್ಕದಲ್ಲಿ ಎರ್ಡೂ ಒಂದೇ ಮನೆ."

ಅವರು ನನ್ನ ಕಡೆ ತಿರುಗಿದರು, ನಿಜವೇ ಎಂಬಂತೆ. ನಾನು ತೆರೆಯನ್ನು ಅವರ ಕಡೆ ತಿರುಗಿಸಿ ತೋರಿಸಿದೆ. ಎಂಟು ಸಾಲಿಗೆ ನಂಬರು, ಒಂದಕ್ಕೆ ಖಾಲಿ. ನಮ್ಮ ಪ್ರಿಂಟರೂ ಅವರ ಅಂಗಡಿಯ ಕ್ಯಾಮೆರಾವೂ ಆ ಖಾಲಿ ಸಾಲಿನ ಕೆಳಗೆ ಅಕ್ಕಪಕ್ಕದಲ್ಲೇ ಇದ್ದವು. ಅವರು ಬಹಳ ಹೊತ್ತು ನೋಡಿದರು. ಐವತ್ತು ದಾಟಿದ ಗಂಡಸು, ಹಿರಿಯರು ಕಿಟಕಿಯಲ್ಲಿ ಇಣುಕುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಬಿಕ್ಕಿ ಬಿಕ್ಕಿ ಅತ್ತರು. ಅಕ್ಕನೂ ಅತ್ತರು. ಒಂದು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ತಡೆಯಲಾಗಲಿಲ್ಲ.

ಹಿರಿಯರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡು ಕಿಟಕಿಯಿಂದಲೇ ಕೇಳಿದರು: "ಅಂಗಾರೆ ಬೀಗದ್ ಕೈ ಯಾರ್ ಕೈಲಿರ್ಬೇಕು ಅಂತೀರಪ್ಪ?"

ಮೈದುನ ಮುಖ ಒರೆಸಿಕೊಂಡು ಅಕ್ಕನ ಕಡೆ ನೋಡಿದರು.

"ಅತ್ತಿಗೆಮ್ಮ, ನಾಳೆಯಿಂದ ಎಷ್ಟೊತ್ಗೆ ಬರ್ಲಿ ಕೆಲ್ಸಕ್ಕೆ?"

"ಒಂಬತ್ತಕ್ಕೆ ಬಾ" ಎಂದರು ಅಕ್ಕ. "ತಿಂಡಿ ಇಲ್ಲೇ ತಿನ್ನೋವಂತೆ."